ನಾನು ಕೊಡಗಾಗಿದ್ದ ವರ್ಷ

ಹೋದ ವರ್ಷ ನವೆಂಬರ್ ಒಂದಕ್ಕೆ ಲಕ್ಷ್ಮೇಶ್ವರದ ಒಂದು ಶಾಲೆಯವರು ನನ್ನನ್ನು ಮುಖ್ಯ ಅತಿಥಿ ಅಂತ ಕರೆದಿದ್ದರು. ನಮ್ಮಂಥವರನ್ನು ಮುಖ್ಯ ಅತಿಥಿ ಮಾಡಿದ್ದಾರೆ ಅಂದರೆ ಮೊದಲು ಒಪ್ಪಿಕೊಂಡವರು ಕೈಕೊಟ್ಟಿದ್ದಾರೆ ಅಂತಲೇ ಅರ್ಥ. ಇರಲಿ, ಹೋದೆ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಮೇಲೆ ಆರೇಳು ವರ್ಷದ ಒಂದು ಹುಡುಗಿಯನ್ನು ತಂದು ನನ್ನ ಪಕ್ಕ ನಿಲ್ಲಿಸಿದರು. ತಲೆಯ ಮೇಲೆ ರಟ್ಟಿನ ಕಿರೀಟ, ಕೈಯಲ್ಲಿ ಹಳದಿ ಕೆಂಪು ಬಾವುಟ. ಕನ್ನಡ ತಾಯಿಯಂತೆ. ಫೋಟೊ ತೆಗೆಯುವವನು ಇನ್ನೂ ಹತ್ತಿರ ಬನ್ನಿ ಅನ್ನುತ್ತಾ ಹೋದ, ಆ ಮಗುವಿನ ಕೆನ್ನೆ ನನ್ನ ಮೂಗಿನ ಹತ್ತಿರಕ್ಕೇ ಬಂತು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಸಫೇದದ ವಾಸನೆ. ಈಗಿನ ಕಾಲದಲ್ಲಿ ಆ ಬಿಳಿ ಪುಡಿಯನ್ನು ಎಲ್ಲಿಂದ ಹುಡುಕಿ ತಂದಿದ್ದರೋ. ಆ ತಾಯಿಯ ವೇಷವನ್ನು ನಾನೂ ಒಂದು ಕಾಲಕ್ಕೆ ಹಾಕಿದ್ದೆ. ಅದು ನನಗೆ ಹೇಗೆ ಸಿಕ್ಕಿತು ಅನ್ನುವುದು ಆ ಶಾಲೆಯವರಿಗೆ ಗೊತ್ತಿದ್ದರೆ ಹೊದಿಸಿದ ಶಾಲನ್ನು ಅಲ್ಲೇ ವಾಪಸು ಕೇಳುತ್ತಿದ್ದರು.

ನಾನು ಮುಂಡರಗಿಯವಳು. ನನ್ನ ತಾಯಿ ದೇವರಿಗೆ ಬಿಟ್ಟ ಹೆಣ್ಣು. ಊರಿನ ಮದುವೆಗಳಲ್ಲಿ ಆಕೆ ಎಲ್ಲರಿಗಿಂತ ಮೊದಲು ಹಾಡಬೇಕು, ಎಲ್ಲರಿಗಿಂತ ಕೊನೆಗೆ ಉಣ್ಣಬೇಕು. ಮದುಮಗಳ ತಾಳಿಗೆ ಮಣಿ ಪೋಣಿಸಲು ಆಕೆಯ ಕೈ ಬೇಕಿತ್ತು, ಏಕೆಂದರೆ ದೇವರ ಹೆಂಡತಿಗೆ ವೈಧವ್ಯ ಇಲ್ಲ. ಅದೇ ಕೈಯಿಂದ ಒಂದು ತಂಬಿಗೆ ನೀರು ಕೊಟ್ಟರೆ ಮಾತ್ರ ಕುಡಿಯುವವರಿರಲಿಲ್ಲ. ನನ್ನ ಹೆಸರು ಸೋನವ್ವ. ಹನ್ನೆರಡು ವರ್ಷಕ್ಕೆ ನಾಟಕ ಕಂಪನಿ ಸೇರಿದ ಮೇಲೆ ಹ್ಯಾಂಡ್‌ಬಿಲ್ಲಿನಲ್ಲಿ ಸೋನಾಬಾಯಿ ಆದೆ. ಅದು ಸ್ವಾತಂತ್ರ್ಯ ಬಂದ ಮರುವರ್ಷ. ಅಲ್ಲಿಯವರೆಗೆ ನಮ್ಮ ಸೀಮೆಯಲ್ಲಿ ಮನೆಗೊಬ್ಬ ರಾಜ ಇದ್ದಂತಿತ್ತು. ಶಿರಹಟ್ಟಿ ಸಾಂಗ್ಲಿಯವರದು, ಲಕ್ಷ್ಮೇಶ್ವರ ಮಿರಜಿನವರದು, ಗದಗ ಮುಂಡರಗಿ ಇಂಗ್ಲಿಷರದು, ಮುಂಡರಗಿ ದಾಟಿ ಸ್ವಲ್ಪ ನಡೆದರೆ ನಿಜಾಮನದು. ಹಾಸ್ಯದವನು ಒಂದೂರಿನಲ್ಲಿ ನಗಿಸಿದ ಮಾತನ್ನು ಮುಂದಿನೂರಿನಲ್ಲಿ ಆಡಿದರೆ ಪೊಲೀಸರು ಬರುತ್ತಿದ್ದರಂತೆ. ಸ್ವಾತಂತ್ರ್ಯ ಬಂದು ಆ ರಾಜರೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋದರು. ನಮ್ಮ ಕಂಪನಿಯ ರಾಜರು ಮಾತ್ರ ಉಳಿದರು. ಅವರಿಗೆ ಹೋಗಲು ಮನೆ ಇರಲಿಲ್ಲ.

ಕಂಪನಿ ಅಂದರೆ ಏನು ಅಂತ ಈಗಿನವರು ಕೇಳುತ್ತಾರೆ. ತಗಡಿನ ಗೋಡೆ, ತಗಡಿನ ಮಾಡು, ನಡುವೆ ನಲವತ್ತು ಜನರ ಹೊಟ್ಟೆಕಿಚ್ಚು. ಧರ್ಮರಾಯನ ಪಾತ್ರದವನು ಪಕ್ಕದವನ ತಟ್ಟೆಯ ಚಟ್ನಿ ಕದಿಯುತ್ತಿದ್ದ. ಹರಿಶ್ಚಂದ್ರ ಬಾಯಿ ತೆರೆದರೆ ಸುಳ್ಳು. ಒಂದು ನಿಯಮವನ್ನು ಮಾತ್ರ ಎಲ್ಲರೂ ಪಾಲಿಸುತ್ತಿದ್ದೆವು. ಜನ ‘ವನ್ಸ್ ಮೋರ್’ ಅಂದರೆ ಹಾಡನ್ನು ಮತ್ತೆ ಹೇಳಲೇಬೇಕು, ಆಗಲ್ಲ ಅನ್ನುವಂತಿಲ್ಲ. ಸಾಯುವ ಹಾಡು ಹಾಡಿ ಸತ್ತವನು ಕೂಡ ಎದ್ದು ಕೂತು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯಬೇಕು. ಶಿರಹಟ್ಟಿಯಲ್ಲಿ ಒಬ್ಬನನ್ನು ನಾಲ್ಕು ಸಲ ಸಾಯಿಸಿದ್ದರು. ಆ ಮೇಲೆ ಅವನು ಅದನ್ನೇ ತನ್ನ ಜೀವನದ ದೊಡ್ಡ ಸನ್ಮಾನ ಅಂತ ಹೇಳಿಕೊಂಡು ತಿರುಗಿದ.

ನನಗೆ ಹೆಣ್ಣಾಗುವುದನ್ನು ಕಲಿಸಿದವನು ಒಬ್ಬ ಗಂಡಸು. ಹೆಸರು ವಾಮನಪ್ಪ. ಹೆಂಗಸರು ಕಂಪನಿಗೆ ಬರುವುದಕ್ಕೆ ಮೊದಲು ನಾಯಕಿಯ ಪಾತ್ರವೆಲ್ಲ ಆತನದೇ. ಆತ ಯಾವ ತರಹ ನಿರಿಗೆ ಹಿಡಿದಿದ್ದಾನೆ ಅಂತ ನೋಡಿಕೊಂಡು ಬರಲು ಗದಗಿನ ದೊಡ್ಡ ಮನೆಯವರು ಸೊಸೆಯಂದಿರನ್ನು ನಾಟಕಕ್ಕೆ ಕಳಿಸುತ್ತಿದ್ದರಂತೆ. ಆತನ ಊರು ಅಡರಕಟ್ಟಿ. ಮನೆತನಸ್ಥರ ಮಗ, ಮದುವೆ ಆಗಿರಲಿಲ್ಲ, ಇದ್ದ ಒಬ್ಬ ಅಕ್ಕ ತಮ್ಮನ ಹೆಸರು ಹೇಳಲು ನಾಚುತ್ತಿದ್ದಳು. ನಾನು ಆತನನ್ನು ಮಾಮಾ ಅಂತ ಕರೆಯುತ್ತಿದ್ದೆ. ಮಳೆಗಾಲದಲ್ಲಿ ತಗಡಿನ ಹಿಂದಿನ ಕೆಸರಿನಲ್ಲಿ ತಾನು ಮುಂದೆ ನಡೆದು, ನಾನು ಆ ಹೆಜ್ಜೆಯ ಗುರುತಿನಲ್ಲೇ ಹೆಜ್ಜೆ ಇಟ್ಟು ಬರಬೇಕು ಅನ್ನುತ್ತಿದ್ದ. ಒಂದು ಗುರುತು ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ಹೆಣ್ಣೇ ಅಲ್ಲವೇ, ನನಗೆ ಯಾಕೆ ಇದೆಲ್ಲ ಅಂತ ಒಮ್ಮೆ ಸಿಟ್ಟಿನಿಂದ ಕೇಳಿದೆ.

"ಹೆಣ್ಣಾಗಿ ಹುಟ್ಟೂದು ನಿನ್ನ ಹಣೇಬಾರ ಸೋನಿ. ಹೆಣ್ಣಾಗಿ ಕಾಣೂದು ಅಭ್ಯಾಸ" ಅಂದ.

ಅಳುವುದನ್ನೂ ಆತನೇ ಕಲಿಸಿದ. ಕಣ್ಣೀರು ಬಂದರೆ ಬಣ್ಣ ಕೆಡುತ್ತದೆ, ಹಿಂದಿನ ಸಾಲಿನವರಿಗೆ ಕಾಣುವುದೂ ಇಲ್ಲ. ಬೆನ್ನು ತಿರುಗಿಸಿ ಭುಜದಿಂದ ಅಳಬೇಕು. ನಾನು ಜೀವನದಲ್ಲಿ ಮೊದಲು ಗೌರವ ಕೊಟ್ಟದ್ದು ಈ ಮನುಷ್ಯನಿಗೆ. ನಾಲ್ಕು ವರ್ಷ ಆದ ಮೇಲೆ ಆತನ ಪಾತ್ರಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಂಡದ್ದೂ ನಾನೇ. ಜನಕ್ಕೆ ಈಗ ಖರೆ ಹೆಣ್ಣು ಬೇಕು ಅಂತ ಮಾಲಕರು ಹೇಳಿದರು, ನಾನು ಸರಿ ಅಂದೆ. ಆತ ನಾಯಕಿಯಿಂದ ತಾಯಿಗೆ ಇಳಿದ, ತಾಯಿಯಿಂದ ಅತ್ತೆಗೆ, ಅತ್ತೆಯಿಂದ ಮುದುಕಿಗೆ. ಕೊನೆಗೆ ಸೀರೆಯ ಟ್ರಂಕಿನ ಕಾವಲಿಗೆ ಬಂದ. ನನಗೆ ಇಪ್ಪತ್ತಾಗುವಾಗ ಆತನಿಗೆ ಐವತ್ತು ದಾಟಿತ್ತು. ದಿನಕ್ಕೆ ಎರಡು ಸಲ ಗಡ್ಡ ಹೆರೆದರೂ ಸಂಜೆಗೆ ಗಲ್ಲ ನೀಲಿ ಆಗುತ್ತಿತ್ತು. ಕಂಪನಿಯ ಜನ ಹಿಂದಿನಿಂದ ವಾಮನಬಾಯಿ ಅನ್ನುತ್ತಿದ್ದರು. ಊಟಕ್ಕೆ ಕೂತಾಗ ಆತ ಸೆರಗು ಸರಿಮಾಡಿಕೊಳ್ಳುವ ಹಾಗೆ ನಾನು ಅಣಕ ಮಾಡಿ ತೋರಿಸುತ್ತಿದ್ದೆ, ಎಲ್ಲರೂ ಅನ್ನ ನೆತ್ತಿಗೇರುವಷ್ಟು ನಗುತ್ತಿದ್ದರು. ಒಂದು ದಿನ ಆತ ಹಿಂದೆಯೇ ನಿಂತಿದ್ದ. ಅಣಕದಲ್ಲಿ ಎಡಗೈ ತಪ್ಪಾಯಿತು ಅಂತ ತಿದ್ದಿ ಹೋದ.

ಆತನದೊಂದು ಗುಟ್ಟಿತ್ತು, ಅದು ಮೂವರಿಗೆ ಮಾತ್ರ ಗೊತ್ತಿತ್ತು. ಹಾರ್ಮೋನಿಯಂ ಪೇಟಿಯ ಬಿಳಿ ಕರಿ ಮನೆಗಳಲ್ಲಿ ಯಾವುದರಿಂದ ಸ್ವರ ಹಿಡಿಯಬೇಕು ಅನ್ನುವುದಕ್ಕೆ ನಾವು ಪಟ್ಟಿ ಅನ್ನುತ್ತೇವೆ. ಹರೆಯದಲ್ಲಿ ವಾಮನಪ್ಪ ಬಿಳಿ ಐದರ ಪಟ್ಟಿಯಲ್ಲಿ ಹಾಡುತ್ತಿದ್ದ, ಅಷ್ಟು ಎತ್ತರಕ್ಕೆ ಗಂಡಸರು ಹೋಗುವುದು ಕಷ್ಟ. ಈಗ ದನಿ ಇಳಿದು ಬಿಳಿ ಎರಡಕ್ಕೆ ಬಂದಿತ್ತು. ಪೇಟಿ ಬಾರಿಸುವ ಇಮಾಮಸಾಬ ಮಾಸ್ತರರು ಲಕ್ಷ್ಮೇಶ್ವರದವರು, ಬಹಳ ಮರ್ಯಾದಸ್ಥರು. ಜನಕ್ಕೆ ತಿಳಿಯದ ಹಾಗೆ ಆತನಿಗಾಗಿ ಪಟ್ಟಿ ಇಳಿಸಿ, ನಡುನಡುವೆ ಮೇಲಿನ ಸ್ವರಗಳನ್ನು ತಾವೇ ಪೇಟಿಯಲ್ಲಿ ತುಂಬಿ ಮಾನ ಕಾಯುತ್ತಿದ್ದರು. ಗಂಟಲು ದಿನಕ್ಕೊಂದು ತರಹ ಇರುತ್ತದಲ್ಲ, ಇವತ್ತು ಯಾವ ಪಟ್ಟಿ ಅಂತ ಆತನಿಂದ ಕೇಳಿಕೊಂಡು ಮಾಸ್ತರರ ಕಿವಿಯಲ್ಲಿ ಹೇಳಿ ಬರುವುದು ನನ್ನ ಕೆಲಸ. ಆತ ಗಂಡಸರ್‍ಯಾರಿಗೂ ಅದನ್ನು ಹೇಳಿದವನಲ್ಲ.

ಆ ವರ್ಷ ಮಳೆಗಾಲದಲ್ಲಿ ಕಂಪನಿ ಶಿರಹಟ್ಟಿಯಲ್ಲಿತ್ತು. ಮಳೆ ಅಂದರೆ ನಮಗೆ ಎರಡೇ ಕೆಲಸ, ತಗಡಿನ ತೂತಿನ ಕೆಳಗೆ ಬುಟ್ಟಿ ಇಡುವುದು, ಆಮೇಲೆ ಬುಟ್ಟಿಯ ತೂತಿನ ಕೆಳಗೆ ತಟ್ಟೆ ಇಡುವುದು. ರೈತರು ಬಿತ್ತನೆಯಲ್ಲಿದ್ದರು, ನಾಟಕಕ್ಕೆ ಜನ ಇಲ್ಲ. ಮಾಲಕರು ಮಾಡುವ ಕೆಲಸವಿಲ್ಲದೆ ಎಲ್ಲರ ಮೇಲೆ ಹರಿಹಾಯುತ್ತಿದ್ದರು. ಅಂಥ ಒಂದು ದಿನ ಗದಗಿಗೆ ಹೋದವರು ನೆನೆದುಕೊಂಡು ಬಂದು, ಒದ್ದೆ ಅಂಗಿಯಲ್ಲೇ ಎಲ್ಲರನ್ನೂ ಕೂಡಿಸಿದರು. ನವೆಂಬರ್ ಒಂದಕ್ಕೆ ಕನ್ನಡ ನಾಡು ಒಂದಾಗುತ್ತದೆ, ಗದಗಿನ ಹಿರಿಯರು ಒಂದು ಸಮಿತಿ ಮಾಡಿದ್ದಾರೆ, ಆ ದಿನ ನಮ್ಮ ಕಂಪನಿಯೇ ನಾಟಕ ಮಾಡಬೇಕು. ನಾಟಕ ಅಂದರೆ ದೊಡ್ಡದೇನಲ್ಲ. ತಾಯಿ ನಡುವೆ ನಿಂತು ಅಳುತ್ತಾ ಹಾಡುತ್ತಾಳೆ, ಬೇರೆಬೇರೆ ದಿಕ್ಕಿನಿಂದ ಐದು ಮಂದಿ ಮಕ್ಕಳು ಬಂದು ಕೂಡುತ್ತಾರೆ. ಮುಂಬಯಿ, ಹೈದರಾಬಾದ, ಮದರಾಸು, ಮೈಸೂರು, ಕೊಡಗು. ಎಲ್ಲಕ್ಕಿಂತ ದಪ್ಪಗಿದ್ದವನನ್ನು ಮೈಸೂರು ಮಾಡಿದರು. ಖಳನಾಯಕ ಹೈದರಾಬಾದ ಆದ. ಕೊಡಗಿಗೆ ಜನ ಸಾಲದೆ ಅಡುಗೆಯವನನ್ನು ಹಿಡಿದರು. ತಾಯಿ ಯಾರು ಅಂತ ಯಾರೂ ಕೇಳಲಿಲ್ಲ, ನಾಯಕಿ ನಾನೇ ತಾನೇ.

ದಸರೆಗೆ ಲಕ್ಷ್ಮೇಶ್ವರಕ್ಕೆ ಬಂದೆವು. ಅಲ್ಲಿ ಮೊದಲು ಒಂದು ಸಲ ಆಡಿ ನೋಡೋಣ ಅಂದರು. ಮಳೆ ನಿಂತು ಹೊರಪಾಗಿತ್ತು, ಶೇಂಗಾದ ಹೊಲದ ವಾಸನೆ ಗಾಳಿಯಲ್ಲಿ ಬರುತ್ತಿತ್ತು, ಜನ ಹುರುಪಿನಿಂದ ಬಂದರು. ನನ್ನ ಹಾಡಿಗೆ ಮೂರು ಸಲ ವನ್ಸ್ ಮೋರ್. ಮೂರು ಸಲವೂ ಐದು ಮಂದಿ ಮಕ್ಕಳು ಒಳಗೆ ಹೋಗಿ ಮತ್ತೆ ಹೊರಗೆ ಬಂದು ಕೂಡಬೇಕಾಯಿತು. ಆ ದಿನ ಮಾಲಕರು ನನ್ನ ಹತ್ತಿರ ಬಂದು, ಗದಗಿನಲ್ಲಿ ಕೊನೆಗೆ ಇನ್ನೊಂದು ಕಾರ್ಯ ಇದೆ ಅಂದರು. ಊರಿನ ಐದು ಮಂದಿ ಮುತ್ತೈದೆಯರು ರಂಗದ ಮೇಲೆ ಬಂದು ತಾಯಿಯ ಉಡಿ ತುಂಬುತ್ತಾರೆ. ಅಕ್ಕಿ, ತೆಂಗಿನಕಾಯಿ, ಕುಬಸದ ಕಣ, ಅರಿಷಿಣ ಕುಂಕುಮ. ಮಗಳು ಮನೆಗೆ ಬಂದಾಗ ಮಾಡುವ ಹಾಗೆ.

ಇದನ್ನು ಓದುವವರಿಗೆ ಇದರಲ್ಲೇನಿದೆ ಅನ್ನಿಸಬಹುದು. ಉಡಿ ತುಂಬಿಸಿಕೊಳ್ಳುವುದು ಅಂದರೆ ಒಂದು ಮನೆಯವರು ನಿನ್ನನ್ನು ಮಗಳು ಅಂತ ಒಪ್ಪಿಕೊಂಡ ಹಾಗೆ. ನನ್ನ ತಾಯಿಯ ಸೆರಗಿಗೆ ಜನ ಚಿಲ್ಲರೆ ಎಸೆದಿದ್ದರು, ಅಕ್ಕಿ ಹಾಕಿರಲಿಲ್ಲ. ನನಗೂ ಇಲ್ಲ. ನನಗೆ ಅದು ಬೇಕಿತ್ತು. ಬಣ್ಣ ಹಚ್ಚಿಕೊಂಡಾದರೂ ಸರಿ, ಕಿರೀಟ ಇಟ್ಟುಕೊಂಡಾದರೂ ಸರಿ, ಒಂದು ಸಲ ದೊಡ್ಡ ಮನೆಯ ಹೆಣ್ಣುಮಕ್ಕಳು ನನ್ನ ಸೆರಗಿಗೆ ಅಕ್ಕಿ ಹಾಕಬೇಕು. ಮುಂಡರಗಿಗೆ ಹೇಳಿ ಕಳಿಸಿದೆ. ಕಾಲು ನೋವು, ಬರಲಾಗುವುದಿಲ್ಲ, ಕಂಪನಿ ಇಲ್ಲಿಗೆ ಬಂದಾಗ ನೋಡುತ್ತೇನೆ ಅಂತ ತಾಯಿ ತಿರುಗಿ ಹೇಳಿ ಕಳಿಸಿದಳು.

ಗದಗಿನಲ್ಲಿ ತಾಲೀಮಿನ ದಿನ ಸಮಿತಿಯ ವಕೀಲರು ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ದೊಡ್ಡ ದೇಶಭಕ್ತರು, ಇಂಗ್ಲಿಷರ ಕಾಲದಲ್ಲಿ ಜೇಲಿಗೆ ಹೋದವರು. ಹೊಸ ರಾಜ್ಯಕ್ಕೆ ಮೈಸೂರು ಅಂತ ಹೆಸರಿಟ್ಟಿದ್ದಕ್ಕೆ ಅವರಿಗೆ ಊಟ ಸೇರಿರಲಿಲ್ಲವಂತೆ. ನನ್ನ ಹಾಡು ಕೇಳಿ ಕಣ್ಣು ಒರೆಸಿಕೊಂಡರು. ಆಮೇಲೆ ಕನ್ನಡಕ ಹಾಕಿಕೊಂಡು ಮಾಲಕರನ್ನು ಹತ್ತಿರ ಕರೆದರು. ನಾನು ಎರಡು ಮಾರು ದೂರದಲ್ಲಿದ್ದೆ, ದನಿ ಇಳಿಸುವ ಗೋಜಿಗೂ ಅವರು ಹೋಗಲಿಲ್ಲ.

"ಪಾತ್ರ ಚಲೋ ಮಾಡ್ತಾಳ, ಅದರಾಗ ಎರಡು ಮಾತಿಲ್ಲ. ಆದರ ನಮ್ಮ ಮನಿ ಹೆಣ್ಣಮಕ್ಕಳು ಈಕಿ ಉಡಿ ತುಂಬೂದು ಹೆಂಗ್ರಿ? ವಾಮನಪ್ಪ ಅದಾರಲ್ಲ, ಮನಿತನಸ್ಥರು. ಅವರು ತಾಯಿ ಆಗಲಿ."

ಮಾಲಕರು ನೆಲ ನೋಡಿದರು. ನನಗೆ ಸುಮ್ಮನಿರಲು ಆಗಲಿಲ್ಲ. "ಗಂಡಸಿನ ಉಡಿ ತುಂಬಬಹುದೇನ್ರಿ ಸಾಹೇಬ್ರ?" ಅಂದೆ.

ಅವರು ಸಿಟ್ಟಾಗಲಿಲ್ಲ. ಶಾಲೆಯ ಮಗುವಿಗೆ ಲೆಕ್ಕ ಬಿಡಿಸಿ ಹೇಳುವ ಹಾಗೆ ಹೇಳಿದರು. "ಗಂಡಸರು ವೇಷ ಹಾಕ್ತಾರ, ವೇಷ ಕಳಚಿ ಮನಿಗೆ ಹೋಗ್ತಾರ. ನಿಂದು ಹಂಗಲ್ಲ ತಂಗಿ."

ತಂಗಿ ಅಂದದ್ದು ಅವರ ದೊಡ್ಡತನ. ಗಲ್ಲದಲ್ಲಿ ನೀಲಿ ಗಡ್ಡ ಇರುವ ಐವತ್ತೆರಡರ ಗಂಡಸಿನ ಸೆರಗಿಗೆ ಅಕ್ಕಿ ಹಾಕಬಹುದು, ನನ್ನ ಸೆರಗಿಗೆ ಹಾಕುವಂತಿಲ್ಲ. ಅವರೆಲ್ಲ ಅದರಲ್ಲಿ ವಿಚಿತ್ರ ಏನನ್ನೂ ಕಾಣಲಿಲ್ಲ. ನಾನು ವಾಮನಪ್ಪನ ಮುಖ ನೋಡಿದೆ. ಆತ ಬೇಡ ಅನ್ನುತ್ತಾನೆ ಅಂತ ಕಾದೆ. ನನಗೆ ಅಷ್ಟು ಕಲಿಸಿದವನು, ಒಂದು ಮಾತು ಅನ್ನುತ್ತಾನೆ ಅಂತ. ಆತ ಆಗಲೇ ಕೈಯಿಂದ ಗಲ್ಲ ಸವರಿ ನೋಡಿಕೊಳ್ಳುತ್ತಿದ್ದ.

ಸಂಜೆ ಟ್ರಂಕಿನ ಹತ್ತಿರ ಹೋಗಿ ಕೇಳಿದೆ. ಆತ ಬೆಟಗೇರಿಯ ನೇಕಾರರು ತಾಯಿಗೆ ಅಂತಲೇ ನೇಯ್ದು ಕೊಟ್ಟ ಹಸಿರು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಚು ನೋಡುತ್ತಿದ್ದ. ದೀಪಾವಳಿ ಕಳೆದ ಮೇಲೆ ನಿನಗೆ ಕಂಪನಿಯಲ್ಲಿ ಕೆಲಸ ಇಲ್ಲ, ಅಡರಕಟ್ಟಿಗೆ ಹೋಗು ಅಂತ ಮಾಲಕರು ಹೇಳಿದ್ದರಂತೆ. ಈಗ ಈ ಪಾತ್ರ ನೆಟ್ಟಗೆ ನಿಂತರೆ ಇರು ಅಂದಿದ್ದಾರಂತೆ. "ಅಕ್ಕ ಮನ್ಯಾಗ ಇಟಗೊಂಡರೂ ಜಗಲಿಗೆ ಬರಗೊಡೂದಿಲ್ಲ ಸೋನಿ" ಅಂದ. ಆಮೇಲೆ ಸೀರೆ ಮಡಚುತ್ತಾ, "ನಾಲ್ಕು ವರ್ಷ ಆತು ನಾ ನಡುವ ನಿಂತು" ಅಂದ.

ಆತನ ಕಷ್ಟ ನನಗೆ ಅರ್ಥ ಆಯಿತು. ಚೆನ್ನಾಗಿಯೇ ಅರ್ಥ ಆಯಿತು. ಆದರೆ ಇಪ್ಪತ್ತು ವರ್ಷದ ಹುಡುಗಿಗೆ ಅರ್ಥ ಆಗುವುದು ಬೇರೆ, ಮರುಕ ಹುಟ್ಟುವುದು ಬೇರೆ. ಮೇಲಾಗಿ ಮರುದಿನ ಇನ್ನೊಂದಾಯಿತು. ಅಡುಗೆಯವನಿಗೆ ಸಾಲಿನಲ್ಲಿ ನಡೆಯಲು ಬರುವುದಿಲ್ಲ, ಹೇಗೂ ಸೋನಾ ಖಾಲಿ ಇದ್ದಾಳೆ ಅಂತ ನನಗೆ ಕೊಡಗಿನ ಪಾತ್ರ ಕೊಟ್ಟರು. ಕರಿ ಕೋಟು, ಸೊಂಟಕ್ಕೆ ಕತ್ತಿ, ಮೂಗಿನ ಕೆಳಗೆ ಅಂಟಿನ ಮೀಸೆ. ಗಂಡಸು ತಾಯಿ, ಹೆಣ್ಣು ಗಂಡುಮಗ. ಕನ್ನಡಿ ನೋಡಿಕೊಂಡಾಗ ಕಂಪನಿಯವರೆಲ್ಲ ನಕ್ಕರು. ಅಲ್ಲಿಯವರೆಗೆ ನಗಿಸುವವಳು ನಾನಾಗಿದ್ದೆ.

ನವೆಂಬರ್ ಒಂದರ ದಿನ ಹೆಂಗಸರಿಗೆ ಅನುಕೂಲ ಆಗಲಿ ಅಂತ ಹಗಲಾಟ ಇಟ್ಟಿದ್ದರು. ಬೆಳಗಿನಿಂದ ಗದಗ ಬೆಟಗೇರಿಯಲ್ಲಿ ಮೆರವಣಿಗೆ, ತೋರಣ, ಮಿಠಾಯಿ. ಹುಲಕೋಟಿ, ಕೋಟುಮಚಗಿ ಕಡೆಯಿಂದ ಚಕ್ಕಡಿಗಳು ಬಂದಿದ್ದವು. ಮೂರು ಗಂಟೆಗೆ ತಗಡಿನೊಳಗೆ ಸೂಜಿ ಹಾಕಲು ಜಾಗ ಇರಲಿಲ್ಲ. ವಾಮನಪ್ಪ ಎರಡನೇ ಸಲ ಗಡ್ಡ ಹೆರೆದು, ಅದರ ಮೇಲೆ ದಪ್ಪಗೆ ಸಫೇದ ಹಚ್ಚಿ, ಹಸಿರು ಸೀರೆ ಉಟ್ಟು ನಿಂತ. ಸುಳ್ಳು ಯಾಕೆ ಹೇಳಲಿ, ಚೆಂದ ಕಾಣುತ್ತಿದ್ದ. ನನ್ನನ್ನು ಕರೆದು, ಇವತ್ತು ಬಿಳಿ ಎರಡು, ಆದರೆ ಇನ್ನೊಂದು ಮನೆ ಕೆಳಗೆ ಇದ್ದರೂ ಚಿಂತೆಯಿಲ್ಲ ಅಂತ ಮಾಸ್ತರರಿಗೆ ಹೇಳು ಅಂದ.

ನಾನು ಮೀಸೆ ಹಚ್ಚಿಕೊಂಡೇ ರಂಗದ ಮುಂದೆ ಹೋದೆ. ಇಮಾಮಸಾಬರು ಪೇಟಿಯ ಮುಂದೆ ಕೂತು ಬೆರಳು ಒರೆಸಿಕೊಳ್ಳುತ್ತಿದ್ದರು. ಬಗ್ಗಿ ಅವರ ಕಿವಿಯಲ್ಲಿ ಹೇಳಿದೆ. "ಮಾಮಾ ಇವತ್ತು ಹಳೇ ಪಟ್ಟಿ ಅಂದಾನ್ರಿ. ಬಿಳಿ ಐದು. ಗಂಟಲ ತೆರದೈತಂತ."

ಅವರು ನನ್ನ ಮುಖ ನೋಡಿದರು. "ಖರೆ ಹೇಳ್ಯಾನೇನವಾ?"

"ಖರೇನ್ರಿ" ಅಂದೆ.

ಆ ಹೊತ್ತಿಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು ಅಂತ ಬರೆದರೆ ಚೆನ್ನಾಗಿರುತ್ತದೆ. ಇಲ್ಲ. ತಿರುಗಿ ಬಂದು ಒಂದು ಬಾಳೆಹಣ್ಣು ತಿಂದೆ.

ಪರದೆ ಎದ್ದಿತು. ತಾಯಿಯನ್ನು ನೋಡಿದ ಕೂಡಲೇ ಹೆಂಗಸರ ಕಡೆಯಿಂದ ಮೆಚ್ಚುಗೆಯ ದನಿ ಬಂತು. ಇಮಾಮಸಾಬರು ಸ್ವರ ಹಿಡಿದರು. ಆ ಒಂದು ಗಳಿಗೆ ವಾಮನಪ್ಪ ಪೇಟಿಯ ಕಡೆ ನೋಡಿದ್ದು ನನಗೆ ಇವತ್ತಿಗೂ ಕಾಣುತ್ತದೆ. ಜನ ಕಾಯುತ್ತಿದ್ದಾರೆ, ಪೇಟಿ ಮುಂದೆ ಹೋಗುತ್ತಿದೆ, ನಿಲ್ಲಿಸು ಅಂತ ತಾಯಿ ಹೇಳುವಂತಿಲ್ಲ. ಎತ್ತಿಕೊಂಡ. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಮೇಲಿನ ಸ್ವರ ಬರಬೇಕಾದ ಕಡೆ ದನಿ ಒಡೆದು, ತಾಯಿಯ ಬಾಯಿಂದ ಐವತ್ತೆರಡರ ಗಂಡಸು ಹೊರಗೆ ಬಂದ. ಮುಂದೆ ಕೂತ ಹುಡುಗರು ನಕ್ಕರು. ಆತ ಕುತ್ತಿಗೆಯ ನರ ಉಬ್ಬಿಸಿ ಮತ್ತೆ ಏರಲು ನೋಡಿದ, ಮತ್ತೆ ಒಡೆಯಿತು. ಈಗ ಗಂಡಸರ ಕಡೆಯವರೆಲ್ಲ ನಕ್ಕರು. ಇಮಾಮಸಾಬರು ಗಾಬರಿಯಿಂದ ಪಟ್ಟಿ ಇಳಿಸಲು ಹೋಗಿ ಇನ್ನೂ ಕೆಟ್ಟಿತು. ಹಾಡು ಹೇಗೋ ಮುಗಿಯಿತು. ಆಗ ಹಿಂದಿನ ಸಾಲಿನಿಂದ ಯಾರೋ ವನ್ಸ್ ಮೋರ್ ಅಂತ ಕೂಗಿದರು.

ಮೆಚ್ಚಿ ಅಲ್ಲ, ಇನ್ನೊಮ್ಮೆ ನಗಬೇಕಿತ್ತು. ತಗಡೆಲ್ಲ ಅದನ್ನೇ ಕೂಗಿತು. ಕಂಪನಿಯ ನಿಯಮ ನಿಯಮವೇ. ಆತ ಕೈ ಮುಗಿದು, ಮೊದಲಿನ ಜಾಗಕ್ಕೆ ಹೋಗಿ ನಿಂತು, ಮೊದಲಿನಿಂದ ಹಾಡಿದ. ಅಂಥ ಎರಡು ಸಾಲನ್ನು ನಾನು ನನ್ನ ವೈರಿಗೂ ಬಯಸುವುದಿಲ್ಲ ಅಂತ ಈಗ ಹೇಳಬಹುದು. ಆಗ ನಾನೂ ಸೈಡ್‌ವಿಂಗಿನಲ್ಲಿ ನಿಂತು ನಕ್ಕೆ, ಮೀಸೆ ಒಂದು ಕಡೆ ಕಿತ್ತು ಬಂತು.

ಮಾಲಕರು ಪರದೆ ಇಳಿಸಿದರು. ನನ್ನ ಮೀಸೆ ಕಿತ್ತೆಸೆದು, ಆತನ ತಲೆಯಿಂದ ಕಿರೀಟ ಕಿತ್ತು ನನ್ನ ತಲೆಗೆ ಒತ್ತಿದರು. ಸೀರೆ ಬಿಚ್ಚು, ಇವಳಿಗೆ ಉಡಿಸು ಅಂತ ಆತನಿಗೇ ಹೇಳಿದರು. ವಾಮನಪ್ಪ ಲಂಗ ಕುಬಸದಲ್ಲಿ ನಿಂತು ನನ್ನ ಕೋಟು ಚಡ್ಡಿಯ ಮೇಲೆಯೇ ಹಸಿರು ಸೀರೆ ಸುತ್ತತೊಡಗಿದ. ಅಷ್ಟರಲ್ಲಿ ಇಮಾಮಸಾಬರು ಓಡಿ ಬಂದರು. ಬೆವರಿದ್ದರು. "ವಾಮನಪ್ಪಣ್ಣ, ಹಳೇ ಪಟ್ಟಿ ಹಿಡಿ ಅಂತ ನೀನ ಹೇಳಿ ಕಳಿಸಿದ್ದೆಲ್ಲೋ" ಅಂದರು. ಆತನ ಬಾಯಲ್ಲಿ ಸೀರೆಗೆ ಹಾಕುವ ಪಿನ್ನುಗಳಿದ್ದವು. ನಿರಿಗೆ ಒಂದೇ ಸಮ ಹಿಡಿದು, ಒಂದೊಂದೇ ಪಿನ್ನು ಬಾಯಿಂದ ತೆಗೆದು ಚುಚ್ಚಿದ. ಒಂದೂ ನನಗೆ ತಾಗಲಿಲ್ಲ.

ಪರದೆ ಎದ್ದಿತು, ನಾನು ಹಾಡಿದೆ. ಬಿಳಿ ಐದರಲ್ಲೇ ಹಾಡಿದೆ. ಚಪ್ಪಾಳೆ, ಜೈಕಾರ, ವಕೀಲರು ಮತ್ತೆ ಕಣ್ಣು ಒರೆಸಿಕೊಂಡರು. ನಾಲ್ಕು ಮಂದಿ ಮಕ್ಕಳು ಬಂದು ಕೂಡಿದರು. ಕೊಡಗು ಆ ದಿನ ಬಂದು ಕೂಡಲೇ ಇಲ್ಲ, ತಾಯಿಯೇ ಆಗಿಬಿಟ್ಟಿತ್ತು, ಅದನ್ನು ಯಾರೂ ಗಮನಿಸಲಿಲ್ಲ. ಆಮೇಲೆ ಮಾಲಕರು ಮುಂದೆ ಬಂದು, ಈಗ ಮುತ್ತೈದೆಯರು ತಾಯಿಯ ಉಡಿ ತುಂಬುತ್ತಾರೆ ಅಂತ ಸಾರಿದರು. ಮೊದಲೇ ಹೇಳಿಟ್ಟಿದ್ದ ಮಾತು, ಬಾಯಿಂದ ಬಂದುಹೋಯಿತು. ನಾನು ಮಂಡಿಯೂರಿ ಸೆರಗು ಚಾಚಿದೆ.

ಸೈಡ್‌ವಿಂಗಿನಲ್ಲಿ ಐದು ಮಂದಿ ಹರಿವಾಣ ಹಿಡಿದು ನಿಂತಿದ್ದರು. ಹಿರಿಯಾಕೆ ನನ್ನನ್ನು ನೋಡಿದರು. ಹರಿವಾಣವನ್ನು ಟ್ರಂಕಿನ ಮೇಲೆ ಇಟ್ಟು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹಿಂದಿನ ಬಾಗಿಲಿನಿಂದ ಹೋದರು. ಉಳಿದ ನಾಲ್ವರೂ ಹಾಗೇ ಹೋದರು. ಒಬ್ಬಾಕೆ ಚಿಕ್ಕ ವಯಸ್ಸಿನವಳು, ತಿರುಗಿ ನೋಡುತ್ತಾ ಹೋದಳು. ನಾನು ಸೆರಗು ಚಾಚಿಕೊಂಡೇ ಇದ್ದೆ. ಒಂದು ತಗಡಿನ ತುಂಬ ಜನ, ಯಾರೂ ಬರುತ್ತಿಲ್ಲ. ಇಮಾಮಸಾಬರು ಬಾರಿಸಿದ್ದನ್ನೇ ಬಾರಿಸುತ್ತಿದ್ದರು. ನನ್ನ ತಾಯಿ ಬರದೇ ಇದ್ದದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ಆಗ ವಾಮನಪ್ಪ ಬಂದ. ಮುದುಕಿ ಪಾತ್ರದ ಹಳೇ ಕೆಂಪು ಸೀರೆ ಸುತ್ತಿಕೊಂಡಿದ್ದ, ಬೆವರಿನಿಂದ ಗಲ್ಲದ ಸಫೇದ ಇಳಿದು ನೀಲಿ ಕಾಣುತ್ತಿತ್ತು. ಕೈಯಲ್ಲಿ ಹಿರಿಯಾಕೆ ಇಟ್ಟುಹೋದ ಹರಿವಾಣ. ಈಗಷ್ಟೇ ಹಾಡಲಾರದೆ ಸೋತ ತಾಯಿ ಮುತ್ತೈದೆಯಾಗಿ ಬಂದದ್ದನ್ನು ನೋಡಿ ಜನ ಬಿದ್ದುಬಿದ್ದು ನಕ್ಕರು. ಅದೂ ನಾಟಕದ ಭಾಗ ಅಂದುಕೊಂಡರು. ಆತ ನಗೆಯ ನಡುವೆಯೇ ಬಂ‍ದು ನನ್ನ ಮುಂದೆ ಕೂತ. ಹಣೆಗೆ ಕುಂಕುಮ ಇಟ್ಟ, ಬೊಗಸೆ ತುಂಬ ಅಕ್ಕಿ ತೆಗೆದುಕೊಂಡ. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ.

"ಪಟ್ಟಿ ಏರಿಸಿದಾಕಿ ನೀನು. ಸೆರಗ ಗಟ್ಟಿ ಹಿಡಿ, ಅಕ್ಕಿ ಚೆಲ್ಲತಾವು."

ಐದು ಬೊಗಸೆ ಹಾಕಿದ. ಒಬ್ಬೊಬ್ಬ ಮುತ್ತೈದೆಯದೂ ಒಂದೊಂದು.

ಮಾಲಕರು ಆತನನ್ನು ಕಳಿಸಲಿಲ್ಲ. ಅಷ್ಟು ನಗೆ ಅವರ ಹಾಸ್ಯಗಾರನಿಗೂ ಬಂದಿರಲಿಲ್ಲ. ಇನ್ನು ಮುಂದೆ ಪ್ರತಿ ಆಟಕ್ಕೂ ಹೀಗೇ ಇರಲಿ ಅಂದರು. ವಾಮನಪ್ಪ ಮೊದಲು ಬಂದು ಒಡೆದ ದನಿಯಲ್ಲಿ ಹಾಡಬೇಕು, ವನ್ಸ್ ಮೋರ್ ಕೂಗಲು ನಮ್ಮವರೇ ಇಬ್ಬರು ಹಿಂದೆ ಕೂತಿರುತ್ತಾರೆ, ಆಮೇಲೆ ಕೆಂಪು ಸೀರೆಯಲ್ಲಿ ಬಂದು ಉಡಿ ತುಂಬಬೇಕು. ಆತ ಆಗಲಿ ಅಂದ. ಹ್ಯಾಂಡ್‌ಬಿಲ್ಲಿನಲ್ಲಿ ಆತನ ಹೆಸರು ಮತ್ತೆ ಬಂತು, ಹಾಸ್ಯದವರ ಸಾಲಿನಲ್ಲಿ. ಕಂಪನಿ ಬಿಟ್ಟು ಹೋಗಲು ಜಾಗ ಇಲ್ಲದ ಮನುಷ್ಯನಿಗೆ ನಾನು ಹೀಗೆ ಒಂದು ಪಾತ್ರ ಹುಟ್ಟಿಸಿಕೊಟ್ಟೆ. ನಾನು ಕ್ಷಮೆ ಕೇಳಲಿಲ್ಲ. ಕೆಳಗೆ ಸಿಕ್ಕಾಗ ಆತ ಊಟ ಆಯಿತೇ, ಗಂಟಲು ಹೇಗಿದೆ ಅಂತ ಎಂದಿನಂತೆ ಕೇಳುತ್ತಿದ್ದ. ರಂಗದ ಮೇಲೆ ಮಾತ್ರ, ಅಕ್ಕಿ ಹಾಕುವಾಗ ಪ್ರತಿ ಆಟಕ್ಕೂ ಕಿವಿಯಲ್ಲಿ ಅದೇ ಮಾತು. ಪಟ್ಟಿ ಏರಿಸಿದಾಕಿ ನೀನು. ನಾನು ತಾಯಿ, ನಗುಮುಖದಿಂದ ಕೇಳಿಕೊಳ್ಳಬೇಕಿತ್ತು.

ಜೋಳದ ಸುಗ್ಗಿಯ ಹೊತ್ತಿಗೆ ಮುಂಡರಗಿಗೆ ಬಂದೆವು. ವಾಮನಪ್ಪನಿಗೆ ಕೆಮ್ಮು ಹಿಡಿದಿತ್ತು, ಕಣ್ಣು ಒಳಗೆ ಹೋಗಿದ್ದವು. ಆ ಬೇಸಿಗೆಯಲ್ಲಿ ಅಡರಕಟ್ಟಿಗೆ ಹೋದವನು ತಿರುಗಿ ಬರಲಿಲ್ಲ, ಮುಂಡರಗಿಯದೇ ಆತನ ಕೊನೆಯ ಆಟ. ನನ್ನ ತಾಯಿ ಬಂದು ಮುಂದೆ ಚಾಪೆಯ ಮೇಲೆ ಕೂತಿದ್ದಳು. ಮಗಳ ಉಡಿ ತುಂಬುವುದನ್ನು ನೋಡಬೇಕು ಅಂತ ಬಂದವಳು, ಕೆಂಪು ಸೀರೆಯ ಗಂಡಸು ಬಳುಕುತ್ತಾ ಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕಳು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಆತ ಕೂತ, ಕುಂಕುಮ ಇಟ್ಟ, ಮೊದಲ ಬೊಗಸೆ ಹಾಕಿದ. ಏನೂ ಅನ್ನಲಿಲ್ಲ. ಎರಡು, ಮೂರು, ನಾಲ್ಕು. ನಾನು ಕಿವಿ ಮುಂದೆ ಮಾಡಿ ಕಾದೆ. ಐದನೆಯದೂ ಆಯಿತು. ನನಗೆ ತಡೆಯಲಾಗಲಿಲ್ಲ. ತುಟಿ ಅಲ್ಲಾಡದ ಹಾಗೆ, "ಮಾಮಾ, ಇವತ್ತ್ಯಾಕ ಏನೂ ಅನ್ನವಲ್ಲಿ? ಅನ್ನು" ಅಂದೆ.

ಆತ ಜನರ ಕಡೆ ನೋಡುತ್ತಿದ್ದ. ಬಹಳ ದಿನದ ಮೇಲೆ ಆ ಮುಖದಲ್ಲಿ ಸುಖ ಕಂಡೆ.

"ಸುಮ್ಮನಿರು ಸೋನಿ. ಮಂದಿ ನಗಾಕತ್ತಾರ, ಇನ್ನೊಂದೀಟ ಹಂಗ ಕುಂಡ್ರು."